ಹೊಂಡಕ್ಕೆ ಬೆಲ್ಲ ಸುರಿದು ಕೆಟ್ಟೆ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಜನರೇಟರ್ ಬ್ಯಾಟರಿಯ ಕಥೆ ಆಮೇಲೆ.

ಶಹಾಪುರದ ಹತ್ತಿರ ಒಂದು ಎಕರೆ ಮೀನಿನ ಹೊಂಡ, ಕಟ್ಲಾ, ರೋಹು, ಮೃಗಾಲ್ ಮೂರೂ ಇವೆ. ಶ್ರಾವಣದ ಮೋಡ ಮೂರು ದಿನದಿಂದ ಕವಿದಿತ್ತು, ನೀರು ದಟ್ಟ ಹಸಿರು. ಮಧ್ಯಾಹ್ನ 3ಕ್ಕೆ ಸ್ವಲ್ಪ ಬಿಸಿಲು ಬಿತ್ತು, ಆಗ ನೀರು ಪರೀಕ್ಷೆಯ ಕಿಟ್ ಹಿಡಿದೆ. ಪಿಎಚ್ 8.8, ಅಮೋನಿಯಾ 1 ಪಿಪಿಎಂ. ಎದೆ ಧಸಕ್ ಎಂದಿತು. ಬಿಸಿಲಿಗೆ ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ ಏರಿಸುತ್ತೆ, ರಾತ್ರಿ ಕಳೆದರೆ ಪಿಎಚ್ ಇಳಿಯುತ್ತೆ, ಅದರ ಜೊತೆ ಅಮೋನಿಯಾದ ವಿಷವೂ ಇಳಿಯುತ್ತೆ. ಇದೆಲ್ಲ ಬಾಯಿಪಾಠ ಇದ್ದವನು ನಾನು. ಆದರೂ ಬೆಳಿಗ್ಗೆವರೆಗೆ ಕಾಯಲಿಲ್ಲ. ಡಿಓ, ಅಂದರೆ ನೀರಲ್ಲಿ ಕರಗಿದ ಆಕ್ಸಿಜನ್, 8 ಇತ್ತಲ್ಲ, ಆ ಧೈರ್ಯ.

ಡ್ರಮ್ಮಿನಲ್ಲಿ ಪ್ರೋಬಯಾಟಿಕ್, ಅಂದರೆ ನೀರಿಗೆ ಹಾಕುವ ಒಳ್ಳೆ ಬ್ಯಾಕ್ಟೀರಿಯಾ, ರೆಡಿ ಇತ್ತು. ಅದಕ್ಕೆ ಬೆಲ್ಲ 10 ಕೆಜಿ ಸಾಕಿತ್ತು, ನಾನು 20 ಕರಗಿಸಿ ಸಂಜೆ 6ಕ್ಕೆ ಸುರಿಸಿದೆ. ಬೆಲ್ಲ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತೆ, ಬೆಳೆಯುತ್ತಾ ಅಮೋನಿಯಾ ಹೀರಿಕೊಳ್ಳುತ್ತೆ, ಸರಿ. ಹಾಗೆ ಬೆಳೆಯೋಕೆ ಅದಕ್ಕೂ ಆಕ್ಸಿಜನ್ ಬೇಕಲ್ವಾ? ರಾತ್ರಿ ಪಾಚಿಗೂ ಬೇಕು, ಮೀನಿಗೂ ಬೇಕು. ನೀರಿಗೆ ಗಾಳಿ ಬೆರೆಸುವ ಏರೇಟರ್ ತಿರುಗುತ್ತಿದೆಯಲ್ಲ ಅಂತ ಸುಮ್ನೆ ಹೋಗಿ ಮಲಗಿದೆ. 1 ಗಂಟೆಗೆ ಕರೆಂಟ್ ಹೋಗಿದ್ದು ಗೊತ್ತೇ ಆಗಲಿಲ್ಲ.

4ಕ್ಕೆ ಕಾವಲು ಹುಡುಗ ಬಾಗಿಲು ಬಡಿದ. “ಸರ, ಮೀನೆಲ್ಲಾ ಮ್ಯಾಲ ಬಂದು ಬಾಯಿ ತಗ್ಯಾಕತ್ತಾವ್ರಿ!”

ಟಾರ್ಚ್ ಬೆಳಕು ಬಿಟ್ಟರೆ ನೀರಿನ ತುಂಬ ಬರೀ ಬಾಯಿಗಳು, ಚಪ್ ಚಪ್ ಸದ್ದು. ಡಿಓ 0.9. ಮೀಟರ್ ಕೆಟ್ಟಿರಬೇಕು ಅಂತ ಪ್ರೋಬ್ ಒರೆಸಿದೆ, ತೊಳೆದೆ, ಮತ್ತೆ ಅದ್ದಿದೆ. ಮತ್ತೂ 0.9. ಆ ಐದು ನಿಮಿಷ ಹಾಳು ಮಾಡಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು. ಜನರೇಟರ್ ಬಟನ್ ಒತ್ತಿದರೆ ಟಕ್ ಅಂತು, ಅಷ್ಟೇ. ಪಕ್ಕದ ಹತ್ತಿ ಹೊಲದ ಕಾಕಾನನ್ನು ಎಬ್ಬಿಸಿ ಡೀಸೆಲ್ ಪಂಪ್ ಎಳೆದು ತಂದೆವು. ಹೊಂಡದ ನೀರನ್ನೇ ಎತ್ತಿ, ತಗಡಿಗೆ ಬಡಿದು ಚದುರುವ ಹಾಗೆ ಮಾಡಿ ಹೊಂಡಕ್ಕೇ ಬಿಟ್ಟೆವು. ಮೀನೆಲ್ಲ ಆ ಮೂಲೆಗೇ ಮುತ್ತಿದವು.

5.40ಕ್ಕೆ ಕರೆಂಟ್ ಬಂತು. ಅಷ್ಟರಲ್ಲಿ ಕಟ್ಲಾ 63 ಹೋಗಿದ್ದವು, ಎಲ್ಲಾ ದೊಡ್ಡವೇ. ಪಿಎಚ್ ನೋಡಿದರೆ 7.6! ನಿನ್ನೆಯ ಅಮೋನಿಯಾಗೆ ಅಷ್ಟು ಹೆದರಬೇಕಿರಲಿಲ್ಲ.

ಈಗ ಬೆಲ್ಲ ಹಾಕೋದು ಬಿಸಿಲೇರಿದ ಮೇಲೆ, ಏರೇಟರ್ ತಿರುಗುತ್ತಿರುವಾಗ. ಮೋಡ ಇದ್ದರೆ ಬೆಲ್ಲ ಇಲ್ಲ, ಮೇವೂ ಅರ್ಧ.

ಹಾಂ, ಬ್ಯಾಟರಿ. ಹೊಸದು ಕೊಡಿಸಿ ಅಂತ ಹೊಂಡದ ಸಾವ್ಕಾರ್ರನ್ನು ಎರಡು ತಿಂಗಳಿಂದ ಕೇಳುತ್ತಿದ್ದೆ. ಸಾವ್ಕಾರ್ರು ಬಂದರು, ದಂಡೆಯ ಮೇಲೆ ಸಾಲಾಗಿಟ್ಟ ಮೀನು ನೋಡಿದರು. “ಪ್ರೋಬಯಾಟಿಕ್ ಇನ್ನೊಂದು ಡ್ರಮ್ ತರಸಬೇಕೇನು?” ಅಂದರು.