ಹಾಳೆಯೊಳಗಿನ ಹಾಳೆ

2025 ಆಗಸ್ಟ್ 10, ಭಾನುವಾರ
ಪೆರ್ಲ, ಕಾಸರಗೋಡು ಜಿಲ್ಲೆ

ತುಳುವರ ಮಳೆಗಾಲದ ತಿಂಗಳು ಆಟಿ ಮುಗಿಯಲು ಇನ್ನೊಂದು ವಾರವಿದೆ. ಬೆಳಗ್ಗೆ ಮಳೆ ತುಸು ಬಿಟ್ಟಂತೆ ಕಂಡದ್ದೇ ತಡ, ಚೀಲ ಹೆಗಲಿಗೇರಿಸಿ ಗುಡ್ಡೆಯ ಕಡೆ ಹೊರಟೆ. ಜೊತೆಗೆ ನಮ್ಮ ತೋಟದ ಕೆಲಸಕ್ಕೆ ಬರುವ ಅಣ್ಣ. ಪದವಿನ, ಅಂದರೆ ಗುಡ್ಡೆಯ ಮೇಲಿನ ಬಯಲಿನ, ಆಚೆ ಬದಿಯಲ್ಲಿ ಅವರ ಅಜ್ಜ ಕೊರೆದ ಸುರಂಗವೊಂದಿದೆ, ಈಗ ಪೊದೆ ಮುಚ್ಚಿದೆ ಎಂದು ಅವರು ಹೇಳುತ್ತ ಬಂದು ಎರಡು ವರ್ಷವಾಯಿತು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಸುರಂಗವೆಂದರೆ ರೈಲು ಹೋಗುವುದಲ್ಲ, ನೀರು ಬರುವುದು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬರು ತಲೆ ತಗ್ಗಿಸಿ ನಡೆಯುವಷ್ಟು ಕೊರೆದ, ಮಲಗಿದ ಬಾವಿ ಅದು. ಇವುಗಳ ಪಟ್ಟಿ ಮಾಡುವ ಹುಚ್ಚು ನನಗೆ ಹಿಡಿದು ನಾಲ್ಕು ಮಳೆಗಾಲಗಳಾದವು.

ಮೊದಲ ಮಳೆಗಾಲ ಸಂಪೂರ್ಣ ನಷ್ಟದ್ದು. ದಪ್ಪ ರಟ್ಟಿನ ಚೆಂದದ ಪುಸ್ತಕ, ನುಣ್ಣಗೆ ಓಡುವ ಜೆಲ್ ಪೆನ್ನು. ಹದಿನೇಳು ಸುರಂಗಗಳ ವಿವರ ಬರೆದಿದ್ದೆ. ಒಂದು ಸಂಜೆ ಚೀಲದ ಹೊಲಿಗೆಯಲ್ಲಿ ನೀರು ಇಳಿಯಿತು. ಮನೆಗೆ ಬಂದು ತೆರೆದರೆ ಪುಟಪುಟವೂ ನೀಲಿ ಮೋಡ! ನೀರಿನ ಮೂಲಗಳ ಲೆಕ್ಕವನ್ನು ನೀರೇ ಅಳಿಸಿತ್ತು. ಬಾಲ್ ಪೆನ್ನಿನ ಶಾಯಿ ಎಣ್ಣೆಯದ್ದಾದ್ದರಿಂದ ಹಾಗೆ ಹರಡುವುದಿಲ್ಲ, ನಿಜ. ಆದರೆ ಒದ್ದೆ ಕಾಗದದ ಮೇಲೆ ಅದರ ಗುಂಡು ಉರುಳದೆ ಜಾರುತ್ತದೆ. ಈಗ ಪೆನ್ಸಿಲ್ ಮಾತ್ರ. ಅದರ ಕಡ್ಡಿಯ ಗ್ರಾಫೈಟ್ ಇಂಗಾಲ, ನೀರಿನಲ್ಲಿ ಕರಗುವ ಮಾತೇ ಇಲ್ಲ. ಎಚ್‌ಬಿ ಪೆನ್ಸಿಲ್ ತೇವದ ಕಾಗದವನ್ನು ಗೀರಿ ಹರಿಯುತ್ತದೆ, 2ಬಿ ಮೆತ್ತಗೆ ಕೂರುತ್ತದೆ. ಎರಡೂ ತುದಿ ಚೂಪು ಮಾಡಿ, ನಡುವೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ. ಶಾಲೆಯ ಮಕ್ಕಳು ನೋಡಿದರೆ ನಗುತ್ತಾರೆ, ನಗಲಿ.

ನೀರು ಹಿಡಿಯದ ಕಾಗದವೂ ಸಿಗುತ್ತದೆ. ಅಮೆರಿಕದ ಮಳೆಕಾಡುಗಳಲ್ಲಿ ಮರ ಕಡಿಯುವವರಿಗೆಂದು ಹುಟ್ಟಿದ ಸರಕು, ಒಳ್ಳೆಯದೇ. ಆದರೆ ಅಂತಹ ಒಂದು ಪುಸ್ತಕದ ದುಡ್ಡಿಗೆ ನನ್ನ ಎರಡು ವರ್ಷದ ಪೆನ್ಸಿಲೂ ನೋಟುಪುಸ್ತಕವೂ ಬರುತ್ತವೆ. ಬದಲಿಗೆ ನನಗೆ ಒದಗಿದ್ದು ಅಡಿಕೆ ಹಾಳೆ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೋ ಏನೋ, ಕಾಗದದ್ದೂ ಹಾಳೆ, ಅಡಿಕೆಯದ್ದೂ ಹಾಳೆ. ತೋಟದಲ್ಲಿ ಬಿದ್ದ ಅಗಲದ ಒಂದನ್ನು ಹೆಕ್ಕಿ ಅರ್ಧ ಗಂಟೆ ನೀರಿನಲ್ಲಿ ನೆನೆಸಬೇಕು. ಒಣಗಿದ್ದನ್ನೇ ಮಡಚಿದರೆ ಟಪ್ಪೆಂದು ಸೀಳುತ್ತದೆ. ನೆನೆದದ್ದು ಚರ್ಮದ ಹಾಗೆ ಬಾಗುತ್ತದೆ. ಪುಸ್ತಕಕ್ಕಿಂತ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸಿ, ನುಣುಪಾದ ಒಳಮೈ ಹೊರಗೆ ಬರುವಂತೆ ಮಡಚಿ, ರಾತ್ರಿಯಿಡೀ ಅರೆಯುವ ಕಲ್ಲಿನಡಿ ಇಡುತ್ತೇನೆ. ಮರುದಿನ ಕಾಯಿಸಿದ ಮೊಳೆಯಿಂದ ಎರಡು ತೂತು, ಒಂದು ದಾರ. ಮಳೆಯಲ್ಲಿ ಹೊದಿಕೆ, ಬರೆಯುವಾಗ ತೊಡೆಯ ಮೇಲಿನ ಹಲಗೆ. ಹಾಳೆಯದೇ ಟೊಪ್ಪಿ ಮುಟ್ಟಾಳೆ ತಲೆ ಕಾಯುವಂತೆ ಇದು ಪುಸ್ತಕ ಕಾಯುತ್ತದೆ. ತಿಂಗಳಲ್ಲಿ ಬೂಸಲು ಹಿಡಿಯುತ್ತದೆ. ಆಗ ಗೊಬ್ಬರದ ಗುಂಡಿಗೆ ಎಸೆದರಾಯಿತು, ಮರ ಇನ್ನೊಂದು ಉದುರಿಸಿರುತ್ತದೆ.

ಪದವು ಹತ್ತಿದಾಗ ಮಂಜು. ಮೊಬೈಲ್ ಇತ್ತು, ನೆಟ್‌ವರ್ಕ್ ಇಲ್ಲದಿದ್ದರೂ ಉಪಗ್ರಹದಿಂದ ಜಾಗ ತಿಳಿಯುತ್ತದೆ. ಆದರೆ ಪರದೆಯ ಮೇಲೆ ಬಿದ್ದ ಹನಿಗಳೇ ಬೆರಳುಗಳಾಗಿ ಏನೇನೋ ಒತ್ತತೊಡಗಿದವು. ಹಾಲಿನ ಪ್ಯಾಕೆಟಿನೊಳಗೆ ಸುತ್ತಿ ಇಟ್ಟೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯ ಮುದ್ರಿತ ಪ್ರತಿಯೂ ಇತ್ತು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್, ಒಂದು ಎತ್ತರದ ಗೆರೆಗೂ ಇನ್ನೊಂದಕ್ಕೂ ನಡುವೆ 20 ಮೀಟರ್. ಗುಡ್ಡೆಯ ಬೆನ್ನು ಗುರುತಿಸಲು ಸಾಕು, ಪೊದೆಯೊಳಗಿನ ಬಾಯಿ ಹುಡುಕಲು ಸಾಲದು.

ಅಣ್ಣನ ನೆನಪೇ ನಿಜವಾದ ನಕ್ಷೆ: "ಪಳ್ಳದ ಬದಿಯಿಂದ ನೇರ ಪಡುವಣಕ್ಕೆ, ಒಂದು ಕೂಗು ದೂರ." ಪಳ್ಳವೆಂದರೆ ಪದವಿನಲ್ಲಿ ಮಳೆನೀರು ನಿಲ್ಲುವ ತಗ್ಗು. ಕೂಗಳತೆಯನ್ನು 300 ಮೀಟರ್ ಎಂದು ಹಿಡಿದೆ.

ದಿಕ್ಕಿಗೆ ದಿಕ್ಸೂಚಿ ಬೇಕೇ ಬೇಕು. ಗಡಿಯಾರದ ಮುಳ್ಳಿನಿಂದ ದಕ್ಷಿಣ ಹುಡುಕುವ ಸ್ಕೌಟ್ ಪಾಠ ಯುರೋಪಿಗೆ ಸರಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇವತ್ತಿನ ದಿನ ಬಿಸಿಲು ಬಂದರೂ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಐದು ಸೆಂಟಿಮೀಟರಿನ ಆಸುಪಾಸು. ನನ್ನದು ನಾನ್ನೂರು ರೂಪಾಯಿಯ, ಪಾರದರ್ಶಕ ತಳದ ದಿಕ್ಸೂಚಿ. ಮುಳ್ಳಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಭಾಗದಲ್ಲಿ ಎರಡು ಡಿಗ್ರಿಯ ಅಂತರವೂ ಇಲ್ಲ, ಇಷ್ಟು ದೂರಕ್ಕೆ ಅದನ್ನು ಮರೆಯಬಹುದು.

ಪಳ್ಳದ ಬದಿಯಲ್ಲಿ ನಿಂತು 270 ಡಿಗ್ರಿ, ಅಂದರೆ ನೇರ ಪಡುವಣ, ಹಿಡಿದೆ. ದಿಕ್ಸೂಚಿ ಒಂದು ಕಾಸರಕದ ಮರ ತೋರಿಸಿತು. ಅಣ್ಣನನ್ನು ಅಲ್ಲೇ ನಿಲ್ಲಿಸಿ ಮರದವರೆಗೆ ನಡೆದು, ಹಿಂದಿರುಗಿ ಅವರತ್ತ ಗುರಿ ಹಿಡಿದೆ. 90 ಬರಬೇಕಿತ್ತು, ಬಂದದ್ದು 102. ಹೋಗುವ ಕೋನಕ್ಕೂ ಹಿಂದಿರುಗಿ ನೋಡುವ ಕೋನಕ್ಕೂ 180 ವ್ಯತ್ಯಾಸ ಇಲ್ಲದಿದ್ದರೆ ಎಲ್ಲೋ ಕಬ್ಬಿಣವಿದೆ ಎಂದು ಅರ್ಥ. ಮುರಕಲ್ಲಿನಲ್ಲೂ ಕಬ್ಬಿಣದ ಅಂಶವಿದೆಯಲ್ಲ, ಅದನ್ನೇ ಶಪಿಸಿದೆ. ಮರಳಿ ಬಂದು ನೋಡಿದರೆ ಕಲ್ಲು ನಿರಪರಾಧಿ. ನನಗೆ ಕೊಡೆ ಹಿಡಿಯಲು ಅಣ್ಣ ಪಕ್ಕಕ್ಕೆ ಸರಿದಂತೆಲ್ಲ ಮುಳ್ಳು ನಾಚಿದವರ ಹಾಗೆ ಮುಖ ತಿರುಗಿಸುತ್ತಿತ್ತು. ಅವರ ಸೊಂಟದ ಕೊಕ್ಕೆಯಲ್ಲಿ ಕತ್ತಿ! ಸರಿಯಾಗಿ ನನ್ನ ಮೊಣಕೈ ಹತ್ತಿರ. ಕತ್ತಿ, ಕೊಡೆ ಎರಡನ್ನೂ ದೂರದ ಕಲ್ಲಿನ ಮೇಲೆ ಇಡಿಸಿದೆ. ಆ ಮರ 282ರಲ್ಲಿತ್ತು. 12 ಡಿಗ್ರಿ ತಪ್ಪಿಕೊಂಡು 300 ಮೀಟರ್ ನಡೆದಿದ್ದರೆ 60 ಮೀಟರಿನಷ್ಟು ಬಡಗಣಕ್ಕೆ ಸರಿದು ಯಾರದೋ ರಬ್ಬರ್ ತೋಟದಲ್ಲಿರುತ್ತಿದ್ದೆವು. ಅಣ್ಣನ "ನೇರ ಪಡುವಣ" ಎಷ್ಟು ನೇರವೋ ಗೊತ್ತಿಲ್ಲ. ಅದಕ್ಕೆ ನನ್ನ ತಪ್ಪೂ ಸೇರುವುದು ಬೇಡ.

ದೂರಕ್ಕೆ ಹೆಜ್ಜೆ. ಬಲಗಾಲು ಊರಿದಾಗ ಮಾತ್ರ ಎಣಿಸಿದರೆ ಸಮತಟ್ಟಿನಲ್ಲಿ ನನ್ನ 64 ಎಣಿಕೆ ನೂರು ಮೀಟರ್, ಮುಳಿಹುಲ್ಲಿನ ಇಳಿಜಾರಿನಲ್ಲಿ 75. ಪ್ರತಿ ನೂರಕ್ಕೆ ಅತ್ತೆಯ ಚೆನ್ನೆಮಣೆ ಆಟದ ಒಂದು ಮಂಜಟ್ಟಿ ಕಾಳನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕುತ್ತೇನೆ. ಅವರಿಗೆ ಇನ್ನೂ ಗೊತ್ತಾಗಿಲ್ಲ.

ಮೂರು ಕಾಳು ದಾಟಿತು, ಏನೂ ಇಲ್ಲ. ನಾಲ್ಕೂ ದಾಟಿತು. ಐದನೆಯದಕ್ಕೆ ಎಣಿಸುತ್ತಿರುವಾಗ ಜರಿಗಿಡಗಳ ದಟ್ಟ ಹಸಿರು, ಅದರಡಿ ಕಾಲು ಹೂಳುವ ಕೆಸರು. ಹತ್ತಿರ ಹತ್ತಿರ 420 ಮೀಟರ್. ನಕ್ಷೆಯಲ್ಲಿ ಇದು ಒಂದು ಸೆಂಟಿಮೀಟರ್ ಕೂಡ ಇಲ್ಲ.

ಪೊದೆ ಸವರಲು ಅಣ್ಣ ಸೊಂಟಕ್ಕೆ ಕೈ ಹಾಕಿದರು. ಬರೀ ಕೊಕ್ಕೆ. ಕತ್ತಿ ಪಳ್ಳದ ಕಲ್ಲಿನ ಮೇಲೆಯೇ ಇತ್ತು. ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ ಹಿಂದಿರುಗಿ ನಡೆದರು. ಹೋಗುವಾಗ ಹೆಜ್ಜೆ ಎಣಿಸಿರಿ ಎಂದು ಕೂಗಿದೆ. ನಾನು ಹಾಳೆ ಬಿಡಿಸಿ, ಕಲ್ಲಿನ ಮೇಲೆ ಕುಳಿತು, ಸೋರುವ ಮರದಡಿ ಅಂದಾಜಿನ ಚಿತ್ರ ಬರೆದೆ.

ಇಪ್ಪತ್ತು ನಿಮಿಷಕ್ಕೆ ಕತ್ತಿಯೊಡನೆ ಬಂದರು. ಎಷ್ಟಾಯಿತು ಎಂದೆ.

"ಎಣಿಸಲಿಲ್ಲ. ಪಳ್ಳದ ಹತ್ತಿರ ನಿಂತು ಒಂದು ಕೂಗು ಹಾಕಿದ್ದೆ. ಕೇಳಿಸಿತೇ?"

ಕೇಳಿಸಿತ್ತು.