ನೊಣಕ್ಕೆ ಬಾಲ ಉಂಟಾ?

ಮೈರಾವಣ ಕಾಳಗ ಆಡೋಣ ಅಂದರೆ ಹನುಮಂತನ ವೇಷ ಯಾರಿಗೆ ಬೇಡ ಹೇಳಿ? ನಮ್ಮ ಬೇಸಿಗೆ ಶಿಬಿರದಲ್ಲೂ ಅದೇ ಆಯಿತು. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದ ನಾನು, ಹೈಸ್ಕೂಲಿನ ಹುಡುಗರು, ಒಂದಷ್ಟು ಚಿಕ್ಕ ಮಕ್ಕಳು, ಎಲ್ಲ ಸೇರಿ ಸಿದ್ದಾಪುರದ ಹತ್ತಿರದ ನಮ್ಮೂರಿನ ದೇವಸ್ಥಾನದ ಚಂದ್ರಶಾಲೆಯಲ್ಲಿ ಯಕ್ಷಗಾನ ಕಲಿಯುತ್ತಿದ್ದೆವು. ಮಾಸ್ತರು ಪ್ರಸಂಗದ ಹೆಸರು ಹೇಳಿದ ತಕ್ಷಣ ಹುಡುಗರೆಲ್ಲ ಹನುಮಂತ ಆಗುತ್ತೇನೆ ಎಂದು ಕೈ ಎತ್ತಿದರು. ನಾನು ಮೈರಾವಣನ ವೇಷ ಕೊಡಿ ಅಂದೆ. ಆ ಕಿರೀಟ, ಮುಖದ ತುಂಬ ಬಣ್ಣ, ತೆರೆಯ ಹಿಂದಿನಿಂದ ಒಂದು ಅಟ್ಟಹಾಸ. ಅದಕ್ಕಿಂತ ಇನ್ನೇನು ಬೇಕು? ಮಾಸ್ತರು ನಕ್ಕು, "ನಿಂಗೆ ದುರ್ದಂಡಿ" ಅಂದರು.

ಯಾರು ದುರ್ದಂಡಿ? ನನಗೂ ಗೊತ್ತಿರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಲಂಕೆಯ ಯುದ್ಧದಲ್ಲಿ ರಾವಣ ಸೋಲುತ್ತಾ ಬಂದಿದ್ದಾನೆ. ಪಾತಾಳದ ರಾಜ ಮೈರಾವಣನನ್ನು ಸಹಾಯಕ್ಕೆ ಕರೆಯುತ್ತಾನೆ. ಇವನು ಮಾಯಾವಿ. ಈ ಕಡೆ ರಾಮ ಲಕ್ಷ್ಮಣರನ್ನು ಕಾಪಾಡಬೇಕು ಅಂತ ಹನುಮಂತ ತನ್ನ ಬಾಲವನ್ನೇ ಸುತ್ತಿ ಸುತ್ತಿ ಕೋಟೆ ಮಾಡಿ ಕಾವಲು ಕೂತಿರುತ್ತಾನೆ. ಮೈರಾವಣ ವಿಭೀಷಣನ ವೇಷದಲ್ಲಿ ಬಂದು, ಒಳಗೆ ಬಿಡು ಅನ್ನುತ್ತಾನೆ. ಪರಿಚಯದ ಮುಖ, ಹನುಮಂತ ಬಿಡುತ್ತಾನೆ. ಬೆಳಗಾಗುವುದರೊಳಗೆ ಅಣ್ಣತಮ್ಮ ಇಬ್ಬರೂ ಪಾತಾಳದಲ್ಲಿ, ಕಾಳಿಗೆ ಬಲಿ ಕೊಡಲು ತಯಾರಿ. ಅವರನ್ನು ಬಿಡಿಸಿ ತರಲು ಹನುಮಂತ ಒಬ್ಬನೇ ಕೆಳಗೆ ಇಳಿಯುತ್ತಾನೆ.

ನೋಡಿ, ಕಳ್ಳತನ ನಡೆದದ್ದೂ ವೇಷ ಮರೆಸಿ, ಬಿಡಿಸಿಕೊಂಡು ಬರುವುದೂ ವೇಷ ಮರೆಸಿ. ಈಗಿನ ಹುಡುಗ ಹುಡುಗಿಯರು ಓದುವ ಮಾಯಾಲೋಕದ ಸಾಹಸ ಕಥೆಗಳಲ್ಲಿ ಏನೇನು ಇರುತ್ತದೋ ಅದೆಲ್ಲ ಇದರಲ್ಲಿ ಇದೆ. ನೆಲದಡಿಯ ರಾಜ್ಯ ಇದೆ. ಬಾಗಿಲು ಕಾಯುವ ಮತ್ಸ್ಯರಾಜ ಇದ್ದಾನೆ, ಹನುಮಂತನಿಗೆ ಸರಿಸಮ ಹೊಡೆದಾಡುತ್ತಾನೆ, ಆಮೇಲೆ ನೋಡಿದರೆ ಅವನು ಹನುಮಂತನದೇ ಮಗ! ಲಂಕೆ ಸುಟ್ಟ ಮೇಲೆ ಸಮುದ್ರಕ್ಕೆ ಬಿದ್ದ ಬೆವರ ಹನಿಯನ್ನು ಮೀನು ನುಂಗಿ ಹುಟ್ಟಿದವನು. ಬ್ರಹ್ಮಚಾರಿಗೆ ಮಗ ಎಲ್ಲಿಂದ ಬಂದ ಅಂತ ಹನುಮಂತನೇ ಕಕ್ಕಾಬಿಕ್ಕಿ. ಮೈರಾವಣನ ಜೀವ ಬೇರೆ ಅವನ ಮೈಯಲ್ಲಿಲ್ಲ, ದೂರದಲ್ಲೆಲ್ಲೋ ಬಚ್ಚಿಟ್ಟ ದುಂಬಿಗಳಲ್ಲಿ ಇದೆ.

ಇದು ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಆದರೆ ಹೇಳದ ಊರೂ ಇಲ್ಲ. ಕೃತ್ತಿವಾಸನ ಬಂಗಾಳಿ ರಾಮಾಯಣದಲ್ಲಿ ಇವನು ಮಹೀರಾವಣ. ಅಲ್ಲಿ ದೇವಿಗೆ ನಮಸ್ಕಾರ ಮಾಡು ಎಂದಾಗ, ನಾವು ರಾಜಕುಮಾರರು, ನಮಗೆ ಅಡ್ಡ ಬಿದ್ದು ಅಭ್ಯಾಸ ಇಲ್ಲ, ನೀನೇ ತೋರಿಸು ಅನ್ನುತ್ತಾರೆ, ತೋರಿಸಲು ಬಗ್ಗಿದವನ ತಲೆ ಹೋಗುತ್ತದೆ. ಇನ್ನೊಂದು ಕಥೆಯಲ್ಲಿ ಇವನು ಸಾಯಬೇಕಾದರೆ ಐದು ದಿಕ್ಕಿನ ಐದು ದೀಪಗಳನ್ನು ಒಂದೇ ಸಲ ಆರಿಸಬೇಕು, ಅದಕ್ಕೇ ಹನುಮಂತ ಪಂಚಮುಖಿ ಆದ. ಮಂತ್ರಾಲಯಕ್ಕೆ ಹೋದವರು ರಾಯಚೂರು ಜಿಲ್ಲೆಯ ಗಾಣಧಾಳದ ಪಂಚಮುಖಿಗೂ ಹೋಗಿ ಬರುತ್ತಾರಲ್ಲ, ಅವರನ್ನು ಕೇಳಿದರೆ ಈ ದೀಪದ ಕಥೆಯನ್ನೇ ಹೇಳುವವರು ಜಾಸ್ತಿ. ನಮ್ಮ ಮಾಸ್ತರು ದುಂಬಿಯ ಕಡೆಯವರು.

ಸರಿ, ದುರ್ದಂಡಿ. ಅವಳು ಮೈರಾವಣನ ತಂಗಿ. ಅಣ್ಣನೇ ಅವಳ ಮಗ ನೀಲಮೇಘನನ್ನು ಸೆರೆಯಲ್ಲಿಟ್ಟು, ರಾಮ ಲಕ್ಷ್ಮಣರ ಜೊತೆ ಅವನನ್ನೂ ಬಲಿ ಕೊಡಲು ಹೊರಟಿದ್ದಾನೆ. ಬಲಿಗೆ ಮೊದಲು ಸ್ನಾನ ಮಾಡಿಸಬೇಕಲ್ಲ, ಆ ನೀರು ತರುವ ಕೆಲಸ ಅವಳಿಗೇ. ಮಗನ ಸಾವಿಗೆ ತಾಯಿಯೇ ನೀರು ಹೊರಬೇಕು. ಕೊಳದ ಹತ್ತಿರ ಅಳುತ್ತಾ ಕೂತವಳ ಮಾತು ಕೇಳಿ ಹನುಮಂತ ಎದುರಿಗೆ ಬರುತ್ತಾನೆ. ನನ್ನನ್ನು ಒಳಗೆ ಸೇರಿಸು, ನಿನ್ನ ಮಗನನ್ನೂ ಉಳಿಸುತ್ತೇನೆ ಅನ್ನುತ್ತಾನೆ. ಅವಳು ಒಪ್ಪುತ್ತಾಳೆ. ಅವನು ಸಣ್ಣದಾಗಿ, ಕೊಡದ ಬಾಯಿಗಿಟ್ಟ ಮಾವಿನ ಸೊಪ್ಪಿನಲ್ಲಿ ಸೇರಿಕೊಳ್ಳುತ್ತಾನೆ. ಪಟ್ಟಣದ ಬಾಗಿಲಲ್ಲಿ ಒಂದು ತಕ್ಕಡಿ ಇದೆ. ಏರ್‌ಪೋರ್ಟಿನ ಸ್ಕ್ಯಾನರ್ ಇದ್ದ ಹಾಗೆ ಅಂದುಕೊಳ್ಳಿ. ಒಳಗೆ ಹೋಗುವವರೆಲ್ಲ ಅದರಲ್ಲಿ ತೂಗಿಸಿಕೊಂಡೇ ಹೋಗಬೇಕು. ಹನುಮಂತ ಕಣ್ಣಿಗೆ ಕಾಣದಷ್ಟು ಸಣ್ಣ ಆಗಬಹುದು, ಆದರೆ ತೂಕ ಎಲ್ಲಿ ಹೋಗುತ್ತದೆ?

ಆ ತಕ್ಕಡಿ ಮಾಡಿದ್ದು ನಾವೇ. ಅಡಿಕೆ ದಬ್ಬೆಯ ದಂಡಿಗೆ, ಎರಡು ಕಡೆ ತೋಟಕ್ಕೆ ಸೊಪ್ಪು ಹೊರುವ ಹೆಡಿಗೆ. ಒಂದು ಕಡೆಯ ಹಗ್ಗಕ್ಕೆ ಜಾರುಗಂಟು ಹಾಕಿ, ಅದರ ತುದಿಯನ್ನು ರಂಗಸ್ಥಳದ ಹಿಂದೆ ಕೂತ ಒಬ್ಬ ಹುಡುಗನ ಕೈಗೆ ಕೊಟ್ಟಿದ್ದೆವು. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಅವನು ಎಳೆಯಬೇಕು, ಹೆಡಿಗೆ ದಡಕ್ಕನೆ ಕೆಳಗೆ ಬೀಳಬೇಕು. ಅವನು ಎಷ್ಟು ಉತ್ಸಾಹದ ಹುಡುಗ ಅಂದರೆ ಚೆಂಡೆಯವರು ಶ್ರುತಿ ನೋಡಲು ಸುಮ್ನೆ ತಟ್ಟಿದರೂ ಎಳೆದುಬಿಡುತ್ತಿದ್ದ.

ಯಕ್ಷಗಾನದಲ್ಲಿ ಬರೆದಿರುವುದು ಪದ್ಯ ಮಾತ್ರ. ಅದನ್ನು ಭಾಗವತರು ಹಾಡುತ್ತಾರೆ (ನಮ್ಮ ಆಟಕ್ಕೆ ಮಾಸ್ತರೇ ಭಾಗವತರು), ಅರ್ಥ ಹೇಳುವುದು ವೇಷಧಾರಿಯ ಪಾಡು. ನುರಿತ ಕಲಾವಿದರು ಅಲ್ಲಲ್ಲೇ ಮಾತು ಹುಟ್ಟಿಸುತ್ತಾರೆ. ನಮ್ಮಂಥ ಮಕ್ಕಳಿಗೆ ಮಾಸ್ತರು ಮಾತನ್ನೂ ಬರೆದು ಕೊಟ್ಟಿದ್ದರು. ದ್ವಾರಪಾಲಕ "ಯಾರಲ್ಲಿ?" ಅನ್ನಬೇಕು, ನಾನು "ದುರ್ದಂಡಿ, ನೀರು ತಂದಿದ್ದೇನೆ" ಅನ್ನಬೇಕು, ಅವನು "ತಕ್ಕಡಿ ಏರು" ಅನ್ನಬೇಕು. ಮುಗಿಯಿತು. ಇಷ್ಟಕ್ಕೇ ನನಗೆ ಬೇಜಾರು. ಇಡೀ ಕಥೆ ನಿಂತಿರುವ ಜಾಗ ಅದು, ಅಲ್ಲಿ ಇವಳಿಗೆ ಇಷ್ಟೇ ಮಾತಾ?

ಆಟದ ದಿನ ಮಧ್ಯಾಹ್ನ ಸುದ್ದಿ ಬಂತು. ನಮ್ಮ ಒಬ್ಬನಿಗೆ ಮಂಗನಬಾವು, ಕೆನ್ನೆ ಊದಿಕೊಂಡು ಬಾಯಿ ತೆರೆಯಲು ಆಗುತ್ತಿಲ್ಲ. ಮಂಗನಬಾವು ಆದದ್ದು ಹನುಮಂತನಿಗಲ್ಲ ಸದ್ಯ, ದ್ವಾರಪಾಲಕನಿಗೆ. ಆಟ ನೋಡಲು ಬಂದಿದ್ದ ಹಿರಿಯ ಹಾಸ್ಯಗಾರರೊಬ್ಬರು ನಾವು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಇಣುಕಿದರು. ಮೇಳದಲ್ಲಿ ತಿರುಗಾಟ ಮಾಡಿದವರು, ಈಗ ವಯಸ್ಸಾಗಿ ಮನೆಯಲ್ಲಿದ್ದರು. "ನಾಕು ಮಾತಲ್ದಾ, ನಾ ಹೇಳ್ತೆ" ಅಂತ ಹೇಳಿ ತಲೆಗೊಂದು ಮುಂಡಾಸು ಸುತ್ತಿಕೊಂಡರು. ಬರೆದ ಹಾಳೆ ಕೊಡಲು ಹೋದರೆ ಕನ್ನಡಕ ತಂದಿಲ್ಲ ಅಂದರು. ಕನ್ನಡಕ ಕಿಸೆಯಲ್ಲೇ ಇತ್ತು, ನಾನು ನೋಡಿದೆ.

ರಂಗಸ್ಥಳದಲ್ಲಿ ನನ್ನ ಪದ್ಯ ಮುಗಿಯಿತು. ತಲೆಯ ಮೇಲೆ ಕೊಡ, ಕೊಡದಲ್ಲಿ ಸೊಪ್ಪು. ಹನುಮಂತ ಒಳಗೆ ಹೋಗಿ ನೀರು ಕುಡಿಯುತ್ತಿದ್ದಾನೆ, ಸೂಕ್ಷ್ಮರೂಪ ಅಂದರೆ ನಮ್ಮಲ್ಲಿ ಅಷ್ಟೇ. ಬಾಗಿಲಿಗೆ ಬಂದೆ. ಹಾಸ್ಯಗಾರರು ಕೋಲು ಅಡ್ಡ ಇಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀರು ಅನ್ನೋದು ಗೊತ್ತಾಯ್ತು. ನಿನ್ನೆವರೆಗೆ ಸೊಂಟದ ಮೇಲೆ ತರ್ತಿದ್ದೆ. ಇವತ್ತೇನು ತಲೆ ಮೇಲೆ?"

ಹಾಳೆಯಲ್ಲಿ ಇದು ಇರಲಿಲ್ಲ. ಮಾಸ್ತರ ಕಡೆ ನೋಡಿದೆ. ಅವರು ತಾಳ ಹಿಡಿದು ಎಲ್ಲೋ ನೋಡುತ್ತಿದ್ದರು, ಬೇಕಂತಲೇ. ಮದ್ದಳೆ ನಿಂತಿತ್ತು. ಆಗ ಒಂದು ವಿಚಿತ್ರ ಆಯಿತು. ಪಿಯುಸಿ ಮುಗಿಸಿದ ಹುಡುಗಿಗೆ ಉತ್ತರ ಹೊಳೆಯುತ್ತಿಲ್ಲ, ಆದರೆ ದುರ್ದಂಡಿ ಏನನ್ನಬಹುದು ಅಂತ ಯೋಚಿಸಿದರೆ ಬಾಯಿಗೆ ತಾನಾಗಿ ಬಂತು.

"ಸೊಂಟದ ಮೇಲೆ ಮಗನನ್ನು ಹೊತ್ತು ಬೆಳೆಸಿದವಳು ನಾನು. ಅವನು ಸೆರೆಯಲ್ಲಿರುವಾಗ ಅಲ್ಲಿ ಕೊಡ ನಿಲ್ಲುವುದಿಲ್ಲ."

ಹಾಸ್ಯಗಾರರು "ಹೂಂ" ಅಂದರು. ಕೊಡದ ಸುತ್ತ ಒಂದು ಸುತ್ತು ಬಂದರು. "ಸೊಪ್ಪು ಯಾಕೆ?" ಬಲಿಗೆ ಹೋಗುವವರಿಗೂ ಶಾಸ್ತ್ರ ಅಂತ ಇರುತ್ತದೆ, ಕಳಶಕ್ಕೆ ಸೊಪ್ಪಿಲ್ಲದೆ ಆಗುತ್ತದೆಯೇ ಅಂದೆ. ಅವರು ಕಾಲ ಬೆರಳ ತುದಿಯಲ್ಲಿ ನಿಂತು ಕೊಡಕ್ಕೆ ಇಣುಕಿದರು.

"ಸೊಪ್ಪಿನ ಮೇಲೆ ಏನೋ ಕೂತ ಹಾಗೆ ಉಂಟಲ್ಲ?"

"ನೊಣ."

"ನೊಣಕ್ಕೆ ಬಾಲ ಉಂಟಾ?"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಗಂಟಲಿಗೆ ಬಂದು ನಿಂತಿತ್ತು, ತಲೆಯ ಮೇಲಿನ ಕೊಡ ಅಲ್ಲಾಡುತ್ತಿತ್ತು. ಆದರೆ ನಗುವ ಹಾಗಿಲ್ಲ. ನಕ್ಕರೆ ಅವಳು ಸಿಕ್ಕಿಬಿದ್ದಂತೆ.

"ರಾಜನ ಜೀವ ದುಂಬಿಯಲ್ಲಿ ಇರಬಹುದಾದರೆ, ಈ ಊರಿನ ನೊಣಕ್ಕೆ ಬಾಲ ಇರಬಾರದೇ?"

ಹಾಸ್ಯಗಾರರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಆಚೆ ಈಚೆ ನೋಡಿದರು. "ಶ್ಶ್! ಅದು ಗುಟ್ಟು ಮಾರಾಯ್ತಿ! ನಾನು ಕೇಳಲೂ ಇಲ್ಲ, ನೀನು ಹೇಳಲೂ ಇಲ್ಲ. ಹೋಗು, ಹೋಗು, ತಕ್ಕಡಿ ಏರು." ಅನುಮಾನ ಪಡುತ್ತಿದ್ದವನಿಗೆ ಈಗ ತನ್ನ ತಲೆಯದೇ ಚಿಂತೆ. ಎಂಥ ಚಂದದ ತಿರುವು ನೋಡಿ, ಅದನ್ನು ಅವರು ನಿಂತಲ್ಲೇ ಹುಟ್ಟಿಸಿದ್ದು.

ಕೊಡವನ್ನು ಹೆಡಿಗೆಯಲ್ಲಿಟ್ಟೆ. ಚೆಂಡೆ ಬಿತ್ತು, ಹುಡುಗ ಹಗ್ಗ ಎಳೆದ, ಹೆಡಿಗೆ ನೆಲಕ್ಕೆ. ಇಲ್ಲಿಗೆ ಹನುಮಂತ ಹಾರಿ ಬರಬೇಕು. ಆದರೆ ಹಾಸ್ಯಗಾರರು ಒಂದು ಕೈ ಎತ್ತಿ ಭಾಗವತರನ್ನು ತಡೆದರು. ಈ ಸಲ ಅವರ ಧ್ವನಿಯಲ್ಲಿ ಹಾಸ್ಯ ಇರಲಿಲ್ಲ. "ಏನಮ್ಮಾ ಇದು, ಒಂದು ಕೊಡ ನೀರಿಗೆ ಇಷ್ಟು ಭಾರ?"

"ನನ್ನ ಮಗನ ತಲೆಗೆ ಕೊನೆಯದಾಗಿ ಹಾಕುವ ನೀರು. ಹಗುರ ಇರುತ್ತದೆಯೇ?"

ಅವರು ಏನೂ ಹೇಳಲಿಲ್ಲ. ಅಡ್ಡ ಇಟ್ಟಿದ್ದ ಕೋಲನ್ನು ತೆಗೆದರು, ಅಷ್ಟೇ. ಪ್ರಸಂಗದಲ್ಲಿ ದ್ವಾರಪಾಲಕ ಕೂಗಿಕೊಳ್ಳಬೇಕು, ಇವರು ಕೂಗಲೇ ಇಲ್ಲ. ಕೊನೆಗೆ ಮಾಸ್ತರೇ ಪದ್ಯ ಎತ್ತಿದರು. ಹನುಮಂತ ಬಂದ, ಗದೆ ತಿರುಗಿಸಿದ, ಚಪ್ಪಾಳೆ ಹೊಡೆಸಿಕೊಂಡ. ಅವನಿಗೆ ಪಾಪ ಒಳಗೆ ಏನಾಯಿತು ಅಂತ ಗೊತ್ತೇ ಇಲ್ಲ.

ಆಮೇಲಿನ ಯುದ್ಧ ಎಲ್ಲ ಯುದ್ಧಗಳ ಹಾಗೇ. ದುಂಬಿ ಸತ್ತವು, ಮೈರಾವಣ ಬಿದ್ದ. ನನಗೆ ತಕರಾರು ಇರುವುದು ಅದರ ನಂತರದ ಭಾಗದ ಬಗ್ಗೆ. ನೀಲಮೇಘನಿಗೆ ಪಾತಾಳದ ಪಟ್ಟ ಕಟ್ಟುತ್ತಾರೆ. ರಾಮ ಇದ್ದಾನೆ, ಲಕ್ಷ್ಮಣ ಇದ್ದಾನೆ, ಹನುಮಂತ, ಮತ್ಸ್ಯರಾಜ ಎಲ್ಲರೂ ಇದ್ದಾರೆ. ನಮ್ಮ ಹಾಳೆಯ ಪ್ರಕಾರ ದುರ್ದಂಡಿ ಇಲ್ಲ. ಅವಳ ಕೆಲಸ ಬಾಗಿಲಿಗೇ ಮುಗಿಯಿತಂತೆ. ನನ್ನ ಗೆಜ್ಜೆ ಬಿಚ್ಚಲು ಆಗಲೇ ಚೌಕಿಯಲ್ಲಿ ಒಬ್ಬರು ಕಾದಿದ್ದರು. ಎಷ್ಟು ಗುಪ್ತ ಸಾಹಸದ ಕಥೆಗಳನ್ನು ಓದಿದ್ದೇನೆ, ಎಲ್ಲದರಲ್ಲೂ ಒಳಗಿನವರು ಒಬ್ಬರು ಇರುತ್ತಾರೆ. ಬಾಗಿಲು ತೆಗೆದವರು, ಕೀಲಿ ಕೊಟ್ಟವರು, ಸುಳ್ಳು ಹೇಳಿದವರು. ಹೊರಗಿನಿಂದ ಬಂದವನು ಕೆಲಸ ಮುಗಿಸಿ ಹೋಗುತ್ತಾನೆ. ಸಿಕ್ಕಿಬಿದ್ದರೆ ಆ ಊರಿನಲ್ಲೇ ಇದ್ದು ಅನುಭವಿಸಬೇಕಾದವಳು ಇವಳು. ಬಾಲದ ಕೋಟೆ ಕಟ್ಟಿದವನೇ ಒಂದು ಮುಖ ನೋಡಿ ಮೋಸ ಹೋದ. ಇವಳು ಬಾಗಿಲಲ್ಲಿ ನಿಂತು ಅಷ್ಟು ಪ್ರಶ್ನೆಗೆ ಉತ್ತರ ಕೊಟ್ಟಳು. ನಮ್ಮ ಹಾಳೆಗೆ ಅದು ಲೆಕ್ಕಕ್ಕೇ ಇಲ್ಲ.

ಚೌಕಿಯಲ್ಲಿ ಹಾಸ್ಯಗಾರರು ಮುಂಡಾಸು ಬಿಚ್ಚಿ ಕವಳ ಹಾಕಿಕೊಳ್ಳುತ್ತಿದ್ದರು. "ನೊಣದ ಮಾತಿಗೆ ನೀ ನಕ್ಕಿದ್ರೆ ಅಲ್ಲಿಗೆ ಮೂರು ಜನ ಸತ್ತೇ ಹೋಗ್ತಿದ್ರು" ಅಂದರು. ನನ್ನನ್ನು ನಗಿಸಲೆಂದೇ ಕೇಳಿದ್ರಾ ಅಂದೆ. "ಮತ್ತೆ? ಬಾಗಿಲು ಕಾಯೋನ ಕೆಲಸ ಅದೇ ಅಲ್ದಾ" ಅಂತ ಅಡಿಕೆ ಜಗಿದರು.

ಹೊರಗೆ ಪಟ್ಟಾಭಿಷೇಕದ ಪದ್ಯ ಶುರುವಾಗುತ್ತಿತ್ತು. ಒಂದು ಕಾಲಿನ ಗೆಜ್ಜೆ ಬಿಚ್ಚಿ ಆಗಿತ್ತು. ಕೊಡ ಎತ್ತಿಕೊಂಡೆ, ಒಂದೇ ಕಾಲಿನ ಗೆಜ್ಜೆಯಲ್ಲಿ ಝಲ್ ಝಲ್ ಅನ್ನುತ್ತಾ ರಂಗಸ್ಥಳಕ್ಕೆ ಹೋಗಿ ಮಗನ ಪಕ್ಕ ನಿಂತೆ. ನೀಲಮೇಘ ಆಗಿದ್ದವನು ಆರನೇ ಕ್ಲಾಸಿನ ಹುಡುಗ, ಕಣ್ಣು ಕಣ್ಣು ಬಿಟ್ಟ. ರಾಮನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಾಸ್ತರು ಹಾಡು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಭಾಗವತಿಕೆಯ ಗತ್ತಿನಲ್ಲೇ ಕೇಳಿದರು, "ಏನಮ್ಮಾ, ಮತ್ತೆ ಯಾಕೆ ನೀರು?"

"ಅಭಿಷೇಕಕ್ಕೆ ಬೇಡವೇ?"

ಮಾಸ್ತರು ತಾಳ ಕುಟ್ಟಿದರು. ನಾನು ಸೊಪ್ಪಿನಿಂದ ಒಂದಿಷ್ಟು ನೀರು ಚಿಮುಕಿಸಿದೆ, ಹುಡುಗನ ಮುಖದ ಬಣ್ಣ ಇಳಿದು ಕುತ್ತಿಗೆಗೆ ಬಂತು. ಅವನ ಅಮ್ಮ ಮಾರನೇ ದಿನವೂ ಅಂಗಿಯ ಕಲೆ ಹೋಗಿಲ್ಲ ಅಂತ ಬೈಯುತ್ತಿದ್ದರಂತೆ. ಈಗಲೂ ನಮ್ಮೂರಿನ ಮಕ್ಕಳು ಈ ಪ್ರಸಂಗ ಆಡಿದರೆ ಪಟ್ಟಾಭಿಷೇಕಕ್ಕೆ ದುರ್ದಂಡಿ ಕೊಡ ಹಿಡಿದು ಬರುತ್ತಾಳೆ. ಅವಳಿಗೊಂದು ಪದ್ಯ ಕಟ್ಟಿ ಕೊಡಿ ಅಂತ ಮಾಸ್ತರನ್ನು ಸಿಕ್ಕಾಗಲೆಲ್ಲ ಕೇಳುತ್ತೇನೆ. ಬರೆಯೋಣ ಅನ್ನುತ್ತಾರೆ, ಇನ್ನೂ ಬರೆದಿಲ್ಲ.