ನಂಗೆ ಮಜಾ ಬೇಡ, ಉಳ್ಕೋತಾಳಾ ಹೇಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಡೆಯವರೆಗೂ ಕಾಯಿಸಿದ ಅನ್ನಬೇಡಿ: ಆ ಹುಡುಗ ಹೇಳಿದ್ದು ಸುಳ್ಳು.

ಕಳೆದ ಭಾನುವಾರ ಅತ್ತೆಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ಅಂದರೆ ಅಪ್ಪನ ತಂಗಿ. ಮಾಲ್‌ಗೆ ಬರುವುದಿಲ್ಲ, ಅಲ್ಲಿ ಚಳಿ, ಪಾಪ್‌ಕಾರ್ನ್ ರೇಟು ಕೇಳಿದರೆ ಬಿಪಿ ಏರುತ್ತೆ ಅನ್ನುತ್ತಾರೆ. ಹಾಗಾಗಿ ಮೈಸೂರಿನಲ್ಲಿ ಇನ್ನೂ ಬಾಗಿಲು ಹಾಕದೆ ಉಳಿದಿರುವ ಹಳೇ ಥಿಯೇಟರೊಂದರ ಬಾಲ್ಕನಿ. ಸಿನಿಮಾದ ಹೆಸರು ಬೇಡ, ಇನ್ನೂ ಓಡುತ್ತಿದೆ. ಗುರುತು ಸಿಗದ ಹಾಗೆ ಕಥೆಯನ್ನೂ ಅಲ್ಲಿಲ್ಲಿ ತಿರುಚಿದ್ದೇನೆ. ಕಾಲೇಜಿಗೆ ಹೋದ ಹುಡುಗಿ ಮನೆಗೆ ಬರುವುದಿಲ್ಲ, ಅಪ್ಪ ಹುಡುಕಿಕೊಂಡು ಹೊರಡುತ್ತಾನೆ ಅಂತ ಇಟ್ಟುಕೊಳ್ಳಿ. ಇಂಟರ್ವಲ್ ಹೊತ್ತಿಗೆ ಕೆರೆ ಏರಿ ಮೇಲೆ ಅವಳ ಬ್ಯಾಗು ಸಿಗುತ್ತದೆ, ಲೈಟು ಹತ್ತಿಕೊಳ್ಳುತ್ತದೆ.

ನಮ್ಮ ಮುಂದಿನ ಸಾಲಿನಲ್ಲಿ ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗ. ಫಸ್ಟ್ ಹಾಫ್ ಪೂರ್ತಿ ಪಕ್ಕದ ಗೆಳೆಯನಿಗೆ ‘ಈಗ ನೋಡು, ಈಗ ನೋಡು’ ಅನ್ನುತ್ತಲೇ ಇದ್ದ. ಅದು ಅತ್ತೆಯ ಕಿವಿಗೆ ಬಿದ್ದಿದೆ. ಲೈಟು ಬಂದದ್ದೇ ಕನ್ನಡಕದ ಡಬ್ಬಿಯಿಂದ ಅವನ ಭುಜಕ್ಕೆ ಮೆಲ್ಲಗೆ ತಟ್ಟಿದರು.

‘ಏನಪ್ಪಾ, ನೀನು ಮೊದಲೇ ನೋಡಿದ್ದೀಯಾ?’

‘ಹೂಂ ಅಜ್ಜಿ, ಸೆಕೆಂಡ್ ಟೈಮು.’

‘ಆ ಹುಡುಗಿ ಕೊನೇಗೆ ಉಳ್ಕೋತಾಳಾ?’

‘ಅಯ್ಯೋ ಅಜ್ಜಿ, ಹೇಳಿದ್ರೆ ಮಜಾನೇ ಹೋಗ್ಬಿಡುತ್ತೆ.’

‘ನಂಗೆ ಮಜಾ ಬೇಡ ಕಣಪ್ಪಾ. ಉಳ್ಕೋತಾಳಾ ಹೇಳು.’

ಹುಡುಗ ಒಂದು ಸಲ ಅವರ ಮುಖ ನೋಡಿದ, ಒಂದು ಸಲ ನನ್ನ ಮುಖ ನೋಡಿದ. ನಾನು ಯಾವ ಸನ್ನೆಯನ್ನೂ ಮಾಡಲಿಲ್ಲ. ಆಮೇಲೆ ಸೀಟಿನ ಮೇಲಿಂದ ಬಗ್ಗಿ, ಗುಟ್ಟು ಹೇಳುವವನ ಹಾಗೆ, ಆದರೆ ಎರಡು ಸಾಲಿಗೆ ಕೇಳುವಷ್ಟು ಜೋರಾಗಿ, ‘ಉಳ್ಕೋತಾಳೆ ಅಜ್ಜಿ. ಆರಾಮಾಗಿ ನೋಡಿ’ ಅಂದ.

ಅಷ್ಟೇ ಮಾತು. ವಾರವಿಡೀ ನನ್ನ ತಲೆಯಲ್ಲಿ ಅದೇ ಸುತ್ತುತ್ತಿದೆ. ‘ನಂಗೆ ಮಜಾ ಬೇಡ’ ಅಂತ ಟಿಕೆಟ್ ತಗೊಂಡು ಒಳಗೆ ಬಂದ ಮನುಷ್ಯರು ಹೇಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ಅತ್ತೆಯ ಆಚೆ ಬದಿಗೆ ಕೂತಿದ್ದವರು ಎದ್ದೇ ಬಿಟ್ಟರು. ‘ರೀ, ಏನ್ರೀ ಇದು! ನಾವೇನು ದುಡ್ಡು ಕೊಡದೆ ಬಂದಿದೀವಾ? ಕ್ಲೈಮ್ಯಾಕ್ಸ್ ಎಲ್ಲಾ ಹೇಳ್ಬಿಟ್ರೆ ನಾವು ನೋಡೋದೇನು?’ ನ್ಯಾಯವಾದ ಮಾತೇ. ಆದರೆ ಇದೇ ಮಹಾನುಭಾವರು ಸಿನಿಮಾ ನಡೆಯುವಾಗ ‘ಹಲೋ, ಥಿಯೇಟರಲ್ಲಿದೀನಿ, ಪರ್ವಾಗಿಲ್ಲ ಹೇಳು’ ಅಂತ ಸೈಟಿನ ಇ-ಖಾತಾ ವಿಷಯ ಸಾಂಗವಾಗಿ ಮಾತಾಡಿದ್ದರು. ಪಕ್ಕದವನ ನೋಟ ಹಾಳಾಗುವುದು ಕೊನೆ ಹೇಳಿದರೆ ಮಾತ್ರ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಅವರ ಹೆಂಡತಿ ಮಾತ್ರ ಕಡಲೆಕಾಯಿ ಸುಲಿಯುತ್ತಾ, ‘ಕೂತ್ಕೊಳ್ರೀ. ಉಳ್ಕೊಂಡ್ರೆ ಒಳ್ಳೇದೇ ಅಲ್ವಾ’ ಅಂದರು. ಆ ಥಿಯೇಟರಿನಲ್ಲಿ ಅವತ್ತು ಇದ್ದ ಸಮಚಿತ್ತದ ವ್ಯಕ್ತಿ ಅವರೊಬ್ಬರೇ.

ಸೆಕೆಂಡ್ ಹಾಫಿನಲ್ಲಿ ಅತ್ತೆ ಬೇರೆಯೇ ಆಗಿಬಿಟ್ಟರು. ಅಲ್ಲಿಯವರೆಗೆ ಸೆರಗಿನ ತುದಿ ಹಿಂಡುತ್ತಿದ್ದವರು ಕಾಲು ಚಾಚಿ ಕೂತರು. ವ್ಯಾನಿಟಿ ಬ್ಯಾಗಿನಿಂದ ಕೋಡುಬಳೆ ಹೊರಗೆ ಬಂತು. ಹೀರೋಯಿನ್ನಿನ ಅಮ್ಮನಾಗಿದ್ದವಳ ಸೀರೆ ಚೆನ್ನಾಗಿದೆ ಅಂದರು, ಹಿನ್ನೆಲೆಯಲ್ಲಿ ಕಾಣುವುದು ಸಕಲೇಶಪುರದ ಕಡೆಯ ಗುಡ್ಡ ಇರಬೇಕು ಅಂದರು. ಭಯವಿಲ್ಲದೆ ನೋಡಿದರೆ ಸಿನಿಮಾದಲ್ಲಿ ಎಷ್ಟೊಂದು ಕಾಣುತ್ತದೆ! ಕೊನೆಗೆ ಅಪ್ಪ ಬಾಗಿಲು ಒಡೆದು ಒಳಗೆ ಹೋದಾಗ ಹುಡುಗಿ ಹೋಗಿಬಿಟ್ಟಿದ್ದಳು. ಮ್ಯೂಸಿಕ್ಕು ನಿಂತು, ಥಿಯೇಟರೆಲ್ಲ ಗಪ್‌ಚುಪ್ಪಾಗಿದ್ದ ಆ ಹೊತ್ತಿನಲ್ಲಿ ಅತ್ತೆಯ ದನಿ ಕೇಳಿಸಿತು: ‘ಸುಳ್ಳ!’

ವಿಲನ್ನಿಗೆ ಬೈದರು ಅಂತ ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಟೈಟಲ್ ಕಾರ್ಡು ಬರುವಷ್ಟರಲ್ಲಿ ಹುಡುಗ ಮಾಯ. ಮೆಟ್ಟಿಲು ಇಳಿಯುವಾಗ ಇ-ಖಾತಾ ಮಹಾನುಭಾವರು ನನ್ನ ತೋಳು ಹಿಡಿದು, ‘ಏನ್ ಸಾರ್ ಕ್ಲೈಮ್ಯಾಕ್ಸು! ನಾನು ಉಳ್ಕೋತಾಳೆ ಅಂತಾನೇ ಅಂದ್ಕೊಂಡಿದ್ದೆ’ ಅಂದರು. ಅವರಿಗೆ ಕೊಟ್ಟ ದುಡ್ಡಿಗೆ ಎರಡರಷ್ಟು ಸಿಕ್ಕಿತ್ತು.

ಆಟೋದಲ್ಲಿ ಅತ್ತೆ ಮಾತಾಡಲಿಲ್ಲ. ಅಗ್ರಹಾರ ದಾಟಿದ ಮೇಲೆ, ‘ಹೇಳಲ್ಲ ಅಂದಿದ್ರೆ ಮುಗೀತಿತ್ತು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಜ್ಜಿ ಬೇರೆ ಅಂತಾನೆ.’

ರಾತ್ರಿ ಬೆಂಗಳೂರಿನಿಂದ ಅತ್ತೆಯ ಮೊಮ್ಮಗನ ಫೋನು. ಅವನಿಗೆ ಆ ಹುಡುಗನೇ ಹೀರೋ. ‘ಸೂಪರ್ ಅಲ್ವಾ! ಅಜ್ಜಿಗೂ ಸಮಾಧಾನ ಆಯ್ತು, ಸಸ್ಪೆನ್ಸೂ ಉಳೀತು’ ಅಂತ ನಗು. ಇವನು ಸ್ಪಾಯ್ಲರ್ ವಿಷಯದಲ್ಲಿ ಮಡಿವಂತ. ಹೊಸ ಸಿನಿಮಾ ಬಂದರೆ ನೋಡಿ ಮುಗಿಯುವವರೆಗೆ ಗೆಳೆಯರ ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿಕೊಂಡು ಮುಟ್ಟುಚಟ್ಟು ಪಾಲಿಸುತ್ತಾನೆ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕ 1952ರಿಂದ ನಡೆಯುತ್ತಿದೆ. ನಾಟಕ ಮುಗಿದ ಮೇಲೆ ನಟರೇ ಮುಂದೆ ಬಂದು ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಅಂತ ಕೇಳಿಕೊಳ್ಳುತ್ತಾರೆ, ಜನ ಅದನ್ನು ನಡೆಸಿಕೊಡುತ್ತಾರೆ, ನಮ್ಮವರಿಗೆ ಆ ಶಿಸ್ತಿಲ್ಲ ಅಂತ ನನಗೆ ಪಾಠ ಮಾಡಿದ. ವಿಕಿಪೀಡಿಯದಲ್ಲಿ ಆ ಕೊಲೆಗಾರನ ಹೆಸರು ರಾಜಾರೋಷವಾಗಿ ಇದೆ, 2010ರಲ್ಲಿ ಕ್ರಿಸ್ಟಿಯ ಮೊಮ್ಮಗನೇ ಅದಕ್ಕೆ ಬೇಸರ ಪಟ್ಟುಕೊಂಡ ಅಂತ ನಾನೂ ಹೇಳಿದೆ. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಬಿಡುಗಡೆ ಮಾಡಿದಾಗ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಅಂತ ಥಿಯೇಟರುಗಳಿಗೆ ಕಟ್ಟು ಮಾಡಿದ್ದ. ನಮ್ಮಲ್ಲಿ ಅರ್ಧ ಗಂಟೆ ತಡವಾಗಿ ಬಂದವರಿಗೂ ಟಾರ್ಚ್ ಬಿಟ್ಟು ಸೀಟು ತೋರಿಸುತ್ತಾರೆ, ಅವರು ನಮ್ಮ ಕಾಲು ತುಳಿದುಕೊಂಡು ಹೋಗಿ ಕೂತು, ‘ಏನಾಯ್ತು ಇಲ್ಲೀವರೆಗೂ?’ ಅಂತ ಕೇಳುತ್ತಾರೆ. ನಾವು ಹೇಳುತ್ತೇವೆ ಕೂಡ. ಅದನ್ನು ಶಿಸ್ತಿಲ್ಲದಿರುವುದು ಅನ್ನಬೇಕೋ ದಾಕ್ಷಿಣ್ಯ ಅನ್ನಬೇಕೋ.

ಪುತ್ತೂರು ಕಡೆಯ ಸಹೋದ್ಯೋಗಿಯೊಬ್ಬರಿಗೆ ಸೋಮವಾರ ಇದನ್ನು ಹೇಳಿದೆ. ಅವರು ನಿರೀಕ್ಷೆಯಂತೆ ಯಕ್ಷಗಾನಕ್ಕೆ ಹೋದರು. ‘ನಮಗೆ ಕೊನೆ ಗೊತ್ತಿದ್ದೇ ನೋಡುವುದು ಮಾರಾಯ್ರೆ, ಕೀಚಕ ಸಾಯುವುದಿಲ್ಲ ಅಂತ ಯಾರಾದರೂ ಬೆಳಗಿನವರೆಗೆ ಕೂತಿದ್ದಾರಾ?’ ಈ ಮಾತು ಎಲ್ಲರೂ ಆಡುತ್ತಾರೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರೇ ಕರೆದುಕೊಂಡು ಹೋದ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ವಾಲಿವಧೆ ಕೇಳಿದ್ದೇನೆ. ವಾಲಿ ಬೀಳುವುದು ಎಲ್ಲರಿಗೂ ಗೊತ್ತು. ಆದರೆ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳಿದ ಮೇಲೆ ಅವತ್ತಿನ ರಾಮ ಏನು ಹೇಳಿ ದಾಟುತ್ತಾನೆ ಅನ್ನುವುದು ಪಕ್ಕದಲ್ಲಿ ಕೂತ ಭಾಗವತರಿಗೂ ಗೊತ್ತಿರುವುದಿಲ್ಲ. ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ನೆನಪನ್ನು ಆ ಕಡೆಯವರು ಇವತ್ತಿಗೂ ತೆಗೆಯುವುದು ವಾಲಿ ಸತ್ತ ಅಂತಲ್ಲ. ಅಲ್ಲೂ ಕಾಯುವುದು ಇದ್ದೇ ಇದೆ, ಜಾಗ ಬೇರೆ. ವಾರಗಟ್ಟಲೆ ತಲೆ ಕೆಡಿಸಿಕೊಂಡು ಒಂದು ತಿರುವಿನ ಮೇಲೆ ಇಡೀ ಸಿನಿಮಾ ಕಟ್ಟಿದ ಡೈರೆಕ್ಟರನಿಗೆ ‘ಮಹಾಭಾರತ ನೋಡ್ರೀ’ ಅಂದರೆ ಅವನು ಏನು ಮಾಡಬೇಕು?

ಹೇಳಿದ್ದು ತಪ್ಪೋ ಬಿಟ್ಟಿದ್ದು ತಪ್ಪೋ ಅನ್ನುವುದಕ್ಕಿಂತ, ಕೇಳಿದವರು ಯಾರು ಅನ್ನುವುದೇ ನನಗೆ ಮುಖ್ಯ ಅನ್ನಿಸುತ್ತದೆ. ಕೇಳದೇ ಹೇಳುವವರ ಜಾತಿಯೇ ಬೇರೆ. ನಮ್ಮ ಆಫೀಸಿನಲ್ಲೊಬ್ಬರಿದ್ದಾರೆ, ಶುಕ್ರವಾರ ಬೆಳಗಿನ ಶೋ ನೋಡಿ ಹನ್ನೊಂದಕ್ಕೆಲ್ಲ ಕ್ಲೈಮ್ಯಾಕ್ಸಿನ ತುಣುಕನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರು. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಥಿಯೇಟರಿನಲ್ಲಿ ಸಿನಿಮಾ ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಅಂತ ಮಾಡಿದ್ದಾರೆ. ಇದನ್ನು ಅವರಿಗೆ ಹೇಳಿದರೆ ‘ನಾನೇನು ಪೈರಸಿ ಮಾಡಿದೀನಾ, ಪ್ರಮೋಷನ್ ಮಾಡ್ತಿದೀನಿ’ ಅನ್ನುತ್ತಾರೆ. ಪ್ರಮೋಷನ್ ಅಲ್ಲ ಅದು, ನಾನು ನಿಮಗಿಂತ ಮೊದಲು ನೋಡಿದೆ ಅನ್ನುವ ಡಂಗುರ. ಮೊದಲು ನೋಡಿದವನ ಹತ್ತಿರ ಮಿಕ್ಕವರ ಹತ್ತಿರ ಇಲ್ಲದ್ದು ಒಂದಿರುತ್ತದೆ. ಅದನ್ನು ಕೊಟ್ಟರೂ ದೊಡ್ಡವನಾಗುತ್ತಾನೆ, ಬಿಗಿಯಾಗಿ ಇಟ್ಟುಕೊಂಡರೂ ದೊಡ್ಡವನಾಗುತ್ತಾನೆ. ಮುಂದಿನ ಸಾಲಿನ ಹುಡುಗನ ‘ಈಗ ನೋಡು’ ಕೂಡ ಅದೇ ಅಲ್ಲವೇ.

ಕೆಲವು ಸಲ ಯಾರೂ ಹೇಳದೆಯೇ ಗೊತ್ತಾಗಿಬಿಡುತ್ತದೆ. ‘777 ಚಾರ್ಲಿ’ ಬಂದಾಗ, 2022ರ ಜೂನಿನಲ್ಲಿ, ನಾಯಿಗೆ ಏನೂ ಆಗಲ್ಲ ತಾನೇ ಅಂತ ಅತ್ತೆ ನನ್ನನ್ನು ಕೇಳಿದ್ದರು. ಅಷ್ಟರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಆ ಸಿನಿಮಾ ನೋಡಿ, ಕಳೆದುಕೊಂಡ ತಮ್ಮ ಮನೆಯ ನಾಯಿಯನ್ನು ನೆನೆದು ಕಣ್ಣೀರು ಹಾಕಿದ ಫೋಟೊ ಪೇಪರಿನಲ್ಲಿ ಬಂತು. ಅತ್ತೆ ಪೇಪರು ಮಡಚಿಟ್ಟು, ‘ಸರಿ ಬಿಡು, ಗೊತ್ತಾಯ್ತು’ ಅಂದರು. ಹೋಗಲಿಲ್ಲ.

ಬುಧವಾರ ಅವರ ಮನೆಗೆ ಹೋದಾಗ ಬೀರುವಿನ ಕೆಳಗಿನ ಖಾನೆಯಿಂದ ಒಂದು ಕಟ್ಟು ತೆಗೆದು ತೋರಿಸಿದರು. ಹಳೇ ಹಾಡಿನ ಪುಸ್ತಕಗಳು, ಥಿಯೇಟರ್ ಗೇಟಿನಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದವು. ನೋಡಿದವರಿಗೆ ನೆನಪಿರುತ್ತದೆ: ಮೊದಲು ತಾರಾಗಣ, ಆಮೇಲೆ ಕಥಾಸಾರಾಂಶ, ಆಮೇಲೆ ಹಾಡು. ಕಥಾಸಾರಾಂಶ ಹೀರೋ ಹೀರೋಯಿನ್ನು ಬೇರೆಯಾಗುವವರೆಗೋ, ಖಳ ಕತ್ತಿ ಎತ್ತುವವರೆಗೋ ಬಂದು ಗಕ್ಕನೆ ನಿಲ್ಲುತ್ತಿತ್ತು. ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ. ಸ್ಪಾಯ್ಲರ್ ಶಿಸ್ತು ನಮ್ಮಲ್ಲಿರಲಿಲ್ಲ ಅಂದ ಮೊಮ್ಮಗನಿಗೆ ಇದನ್ನು ತೋರಿಸಬೇಕು. ಆದರೆ ಅತ್ತೆಯ ಪುಸ್ತಕಗಳಲ್ಲಿ ಆ ಸಾಲಿನ ಕೆಳಗೆ ನೀಲಿ ಇಂಕಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಮುಂದೇನಾಯಿತು ಅಂತ ಬರೆದೇ ಇತ್ತು. ‘ಮದುವೆ ಆಗುತ್ತೆ.’ ‘ಅಣ್ಣನೇ ಕೊಂದಿದ್ದು.’ ಒಂದರಲ್ಲಿ, ‘ಅವನು ಸಾಯ್ತಾನೆ. ನೋಡಬೇಡ.’ ಮದುವೆಯಾಗುವ ಮೊದಲು, ಆಮೇಲೆ ನೋಡಲು ಹೋಗುವ ತಂಗಿಗೋಸ್ಕರ ಬರೆದಿಟ್ಟಿದ್ದಂತೆ. ‘ಅವಳಿಗೆ ಕೋಪ ಬರ್ತಿರ್ಲಿಲ್ವಾ?’ ಅಂದೆ. ‘ಅವಳೇ ಬರೀ ಅಂತಿದ್ದಳು’ ಅಂದರು.

ಈ ಕಟ್ಟು ನೋಡುವ ಮೊದಲು ನಾನು ನನ್ನೊಳಗೇ ಒಂದು ಕಾರಣ ಹುಡುಕಿಕೊಂಡಿದ್ದೆ. ಮಾವ ಆಸ್ಪತ್ರೆಯಲ್ಲಿದ್ದಾಗ ಐಸಿಯು ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ನಾನೂ ಇದ್ದೆ. ಡಾಕ್ಟರು ಮನೆಯ ಗಂಡಸರನ್ನು ಒಳಗೆ ಕರೆದು ಹೇಳಿಯಾಗಿತ್ತು. ಹೊರಗೆ ಬಂದವರನ್ನು ಅತ್ತೆ ಇದೇ ಪದದಲ್ಲಿ ಕೇಳಿದರು: ‘ಉಳ್ಕೋತಾರಾ?’ ದೊಡ್ಡಪ್ಪ ಅವರ ತಲೆ ಸವರಿ, ‘ಉಳ್ಕೋತಾನಮ್ಮ, ನೀನು ಕಾಫಿ ಕುಡಿ’ ಅಂದರು. ಇಡೀ ಕಾರಿಡಾರಿಗೆ ಕೊನೆ ಗೊತ್ತಿತ್ತು, ಯಾರ ಮನೆಯ ಕಥೆಯೋ ಅವರಿಗೊಬ್ಬರಿಗೇ ಗೊತ್ತಿರಲಿಲ್ಲ. ದೊಡ್ಡಪ್ಪ ಕೆಟ್ಟವರಲ್ಲ. ಆ ಹುಡುಗನೂ ಕೆಟ್ಟವನಲ್ಲ. ಇಬ್ಬರಿಗೂ ಎದುರಿಗಿರುವ ಹೆಂಗಸಿನ ಸಮಾಧಾನ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಯಿಂದ ಬಿಡುಗಡೆ ಬೇಕಿತ್ತು. ಗೊತ್ತಾದರೆ ತಡ್ಕೊಳ್ಳಲ್ಲ ಅಂತ ನಾವು ಯಾರ ವಿಷಯದಲ್ಲಿ ಅಷ್ಟು ಸಲೀಸಾಗಿ ತೀರ್ಮಾನ ಮಾಡುತ್ತೇವೆ ನೋಡಿ: ಹೆಂಗಸರು, ಮುದುಕರು, ರೋಗಿಗಳು. ಇ-ಖಾತಾ ಮಹಾನುಭಾವರು ಕೇಳಿದ್ದರೆ ಹುಡುಗ ಸುಳ್ಳು ಹೇಳುತ್ತಿದ್ದನೇ? ‘ಹೋಗಿ ಸಾರ್, ನೋಡಿ’ ಅನ್ನುತ್ತಿದ್ದ, ಅಷ್ಟೇ.

ಇದನ್ನೆಲ್ಲ ಅತ್ತೆಗೆ ಸುತ್ತಿ ಬಳಸಿ ಹೇಳಲು ಹೋದೆ. ‘ಅದಕ್ಕೂ ಇದಕ್ಕೂ ಏನೋ ಸಂಬಂಧ? ಮೊದಲಿಂದ್ಲೂ ನಂಗೆ ಹೀಗೇ’ ಅಂತ ಪುಸ್ತಕದ ಕಟ್ಟನ್ನು ಮತ್ತೆ ಬೀರುವಿಗೆ ಸೇರಿಸಿದರು. ಇರಬಹುದು. ನೀಲಿ ಇಂಕು ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದರೂ ‘ಸುಳ್ಳ’ ಅಂದ ದನಿ ಆ ಹುಡುಗನೊಬ್ಬನ ಪಾಲಿಗೆ ತುಸು ಹೆಚ್ಚೇ ಆಗಿತ್ತು ಅನ್ನುವುದನ್ನು ನಾನು ಬಿಟ್ಟುಕೊಡುವುದಿಲ್ಲ.

ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ತೋರಿಸಿದೆ, ‘ಡಸ್ ದ ಡಾಗ್ ಡೈ’ ಅಂತ. ಸಿನಿಮಾದಲ್ಲಿ ನಾಯಿ ಸಾಯುತ್ತಾ ಅಂತ ಹೇಳುವುದಕ್ಕೆ ಶುರುವಾಗಿ, ಈಗ ಮಗುವಿಗೆ ಏನಾದರೂ ಆಗುತ್ತಾ, ಆಸ್ಪತ್ರೆ ಸೀನು ಇದೆಯಾ ಅನ್ನುವವರೆಗೂ ಹೌದು ಇಲ್ಲ ಅಂತ ಬರೆದಿರುತ್ತಾರೆ. ಜಗತ್ತಿನಲ್ಲಿ ನಿಮ್ಮಂಥವರು ಎಷ್ಟೋ ಜನ ಇದ್ದಾರೆ ಅಂದೆ. ಅತ್ತೆ ಕನ್ನಡಕ ಹಾಕಿಕೊಂಡು ಒಂದಷ್ಟು ಹೊತ್ತು ಪರದೆ ಮೇಲೆ ಕೆಳಗೆ ಸರಿಸಿ ನೋಡಿದರು.

‘ಇದನ್ನೆಲ್ಲ ಯಾರು ಬರೀತಾರೆ?’

‘ಸಿನಿಮಾ ನೋಡಿದವರೇ.’

‘ಆ ಹುಡುಗನೂ ನೋಡಿದವನೇ’ ಅಂತ ಮೊಬೈಲು ವಾಪಸು ಕೊಟ್ಟರು. ‘ಈ ಶುಕ್ರವಾರ ಇನ್ನೊಂದು ಬರ್ತಾ ಇದೆಯಂತೆ. ಬೆಳಗಿನ ಆಟಕ್ಕೆ ನೀನು ಹೋಗಿ ನೋಡ್ಕೊಂಡು ಬಾ, ಟಿಕೆಟ್ಟಿನ ದುಡ್ಡು ನಾನು ಕೊಡ್ತೀನಿ. ಸಾಯಂಕಾಲ ಒಟ್ಟಿಗೆ ಹೋಗೋಣ.’